ಒಂದೇ ಸಲ ಕರೆದರೆ ಓ ಅನ್ನಬೇಡ

ಯಾರಾದರೂ ನನ್ನನ್ನು ಒಂದೇ ಸಲ ಕರೆದರೆ ನಾನು ಓ ಎನ್ನುವುದಿಲ್ಲ. ಇದರಿಂದ ನನ್ನ ತಮ್ಮನ ಹೆಂಡತಿಗೆ ದಿನಾ ಕಿರಿಕಿರಿ. ಚಹಾ ಆರಿಹೋಗುತ್ತದೆ, ಅಂಚೆಯವನು ಬಾಗಿಲಿಂದಲೇ ತಿರುಗಿ ಹೋಗುತ್ತಾನೆ. "ಕಿವಿ ಕೇಳಂಗಿಲ್ಲೇನ್ರಿ ಅಕ್ಕಾರ, ಇಲ್ಲಾ ಬೇಕಂತ ಸುಮ್ನ ಕೂಡ್ತೀರೋ?" ಎಂದು ಕೇಳುತ್ತಾಳೆ. ಕಿವಿ ಚೆನ್ನಾಗಿಯೇ ಇವೆ. ಕೇಶ್ವಾಪುರದ ಈ ಮನೆಯಲ್ಲಿ ಕೂತರೆ ಸ್ಟೇಷನ್ನಿನ ಕಡೆ ಹೋಗುವ ಟಾಂಗಾದ ಸಪ್ಪಳವೂ ಕೇಳಿಸುತ್ತದೆ. ಬೇಕಂತಲೇ ಸುಮ್ಮನೆ ಕೂಡುತ್ತೇನೆ.

ನಮ್ಮ ಓಣಿಯ ಇಬ್ಬರು ಹುಡುಗಿಯರು ಈಗ ನರ್ಸಿಂಗ್ ಕಲಿಯಲು ಸೇರಿದ್ದಾರೆ. "ನಿಮ್ಮ ಕಾಲದಾಗ ಕೆಲಸ ಹ್ಯಾಂಗಿತ್ತು, ಬರದು ಕೊಡ್ರಿ" ಎಂದು ಗಂಟುಬಿದ್ದರು. ನಾನು ಯಾವಾಗ ಹೆಡ್ ನರ್ಸ್ ಆದೆ, ಬೀಳ್ಕೊಡುವಾಗ ಯಾರು ಹಾರ ಹಾಕಿದರು ಎಂಬುದನ್ನು ಓದಿ ಅವರಿಗೆ ಆಗಬೇಕಾದ್ದೇನೂ ಇಲ್ಲ. ನಾನು ಬಾಯಿ ಮುಚ್ಚಿಕೊಂಡು ನಿಂತ ಒಂದು ಮುಂಜಾನೆಯ ಸಂಗತಿ ಬರೆಯುತ್ತೇನೆ. ಅದು ಅವರ ಕೆಲಸಕ್ಕೆ ಬರುತ್ತದೆ.

ನಾನು ಗಿರಿಜಾ, ಧಾರವಾಡದ ಕನ್ನಡ ಸಾಲಿ ಮಾಸ್ತರರ ಮಗಳು. ಮದುವೆಯಾದ ಎರಡೇ ವರ್ಷಕ್ಕೆ ಗಂಡ ತೀರಿಕೊಂಡರು. ಮೂಲೆ ಹಿಡಿದು ಕೂತ ಮಗಳನ್ನು ನೋಡಲಾರದೆ ಅಪ್ಪ ಹುಬ್ಬಳ್ಳಿಯ ಹೆಂಗಸರ ದವಾಖಾನೆಯೊಂದಕ್ಕೆ ಕಲಿಯಲು ಕಳಿಸಿದರು. "ಮಂದಿ ಹೊಲಸು ಬಳಿಯಾಕ ಮಗಳನ್ನ ಕಳಸ್ಯಾನ" ಎಂದು ಸೋದರತ್ತೆ ಎರಡು ವರ್ಷ ನಮ್ಮ ಹೊಸ್ತಿಲು ತುಳಿಯಲಿಲ್ಲ. ಇದು ಮೂವತ್ತರ ದಶಕದ ಮಾತು, ಯುದ್ಧಕ್ಕೆ ಮೊದಲಿನದು.

ಆ ದವಾಖಾನೆಯಲ್ಲಿ ನಾವು ನಾಲ್ವರು ನಾಲ್ಕು ದಿಕ್ಕಿನವರು. ಮೇಟ್ರನ್ ಇಂಗ್ಲೆಂಡಿನವರು. ಅವರನ್ನು ಎಲ್ಲರೂ ಬಾಯಿಸಾಹೇಬರು ಎನ್ನುತ್ತಿದ್ದೆವು. ಮಂಗಳೂರಿನಲ್ಲಿ ಒಬ್ಬ ಮುನ್ಷಿಯ ಹತ್ತಿರ ಕಲಿತ ಅವರ ಕನ್ನಡ ಪುಸ್ತಕದ್ದು. "ನಿನಗೆ ಉದರಶೂಲೆ ಇರುವುದೋ?" ಎಂದು ಅವರು ಕೇಳಿದರೆ ನಮ್ಮ ಹೆಣ್ಣುಮಕ್ಕಳು ಹೆದರಿ ಕೈ ಮುಗಿಯುತ್ತಿದ್ದರು. ಡಾಕ್ಟರರು ಪುಣೆಯವರು, ಒಳ್ಳೆಯ ಕೈ, ಮೂಗಿನ ಮೇಲೆ ಸಿಟ್ಟು. ಅವರು ಅರ್ಧ ಮರಾಠಿ ಅರ್ಧ ಕನ್ನಡ ಆಡಿ, ತಿಳಿಯದವರನ್ನು ಕಿವುಡರೆಂದು ಬೈಯುತ್ತಿದ್ದರು. ಮರಿಯಮ್ಮ ತಿರುವಾಂಕೂರಿನಿಂದ ಬಂದ ನರ್ಸು. ಆಕೆಗೆ ಬರುತ್ತಿದ್ದ ಕನ್ನಡ "ನೋವು ಐತೇನ್ರಿ", "ನೀರು ಕುಡೀರಿ" ಇಷ್ಟೇ. ರೋಗಿಗಳ ಹೆಸರುಗಳನ್ನು ಒಂದು ಚೀಟಿಯಲ್ಲಿ ತನ್ನ ಲಿಪಿಯಲ್ಲಿ ಬರೆದುಕೊಂಡು ಓದುತ್ತಿದ್ದಳು. ಇವರೆಲ್ಲರ ನಡುವೆ ನಾನು. ಎಲ್ಲರ ಮಾತೂ ಅಷ್ಟಿಷ್ಟು ತಿಳಿಯುತ್ತದೆಂದು ನನಗೆ ಸ್ವಲ್ಪ ಜಂಬವೂ ಇತ್ತು.

ಮೊದಮೊದಲು ನಗುವಂಥ ತಪ್ಪುಗಳೇ ಆಗುತ್ತಿದ್ದವು. ರೋಗಿಯನ್ನು ಸೇರಿಸುವಾಗ ಗಂಡನ ಹೆಸರು ಕೇಳಿದರೆ ನಮ್ಮವರು ಹೇಳುತ್ತಾರೆಯೇ? ಸೆರಗು ಬಾಯಿಗಿಟ್ಟುಕೊಂಡು ಗೋಡೆ ನೋಡುತ್ತಿದ್ದರು. ಬಾಯಿಸಾಹೇಬರು ಒಂದು ಪುಟದ ತುಂಬ "ಗಂಡ: ಯಾರೆಂದು ತಿಳಿಯದು" ಎಂದು ಬರೆದು, ಈ ಊರಿನ ನೀತಿಯ ಬಗ್ಗೆ ನನ್ನನ್ನು ಏಕಾಂತದಲ್ಲಿ ವಿಚಾರಿಸಿದರು. ಇನ್ನೊಮ್ಮೆ, ರೋಗಿಯನ್ನು ಬಿಟ್ಟುಹೋಗುವ ನೆಂಟರು "ಬರ್ತೇವ್ರಿ" ಎಂದರೆಂದು ಸಂಜೆಯವರೆಗೂ ಗೇಟು ತೆರೆಸಿಟ್ಟು ಕಾದರು. ದವಾಖಾನೆಯಿಂದ ಹೊರಡುವಾಗ "ಹೋಗ್ತೇವಿ" ಎನ್ನಬಾರದು ಎಂಬುದು ಅವರಿಗೆ ಹೇಗೆ ಗೊತ್ತಾಗಬೇಕು! ಇವನ್ನೆಲ್ಲ ನಾನು ನಗುತ್ತ ಬಿಡಿಸಿ ಹೇಳಿದೆ, ಅವರೂ ನಕ್ಕರು. ಹೇಳದೇ ಬಿಟ್ಟದ್ದು ಒಂದನ್ನು ಮಾತ್ರ.

ಅದು ಕರೆಯುವ ವಿಷಯ. ಪ್ಲೇಗು ಬಂದ ವರ್ಷಗಳಲ್ಲಿ ಹುಬ್ಬಳ್ಳಿ-ಧಾರವಾಡದ ಜನ ಮನೆ ಬಿಟ್ಟು ಊರ ಹೊರಗೆ ಗುಡಿಸಲು ಹಾಕಿಕೊಂಡಿದ್ದರು. ಆಗ ಬೇರೂರಿದ್ದೋ, ಅದಕ್ಕೂ ಹಿಂದಿನದೋ, ನಮ್ಮಲ್ಲಿ ಒಂದು ಮಾತಿತ್ತು: ಕಾಣದ ಕಡೆಯಿಂದ ಯಾರಾದರೂ ಒಂದೇ ಸಲ ಹೆಸರು ಹಿಡಿದು ಕರೆದರೆ ಓ ಅನ್ನಬೇಡ. ಕರೆಯುವುದು ಏನು ಎಂಬುದಕ್ಕೆ ಹೆಸರಿಲ್ಲ. ನಮ್ಮಜ್ಜಿ ಬರೀ "ಅದು" ಎನ್ನುತ್ತಿದ್ದಳು. ಅದು ಮನೆಯವರ ದನಿಯಲ್ಲೇ ಕರೆಯುತ್ತದೆ. ಆದರೆ ಅದಕ್ಕೆ ಒಂದೇ ಸಲ ಕರೆಯಲು ಬರುತ್ತದೆ. ಮನುಷ್ಯರಾದರೆ ಮತ್ತೆ ಕರೆಯುತ್ತಾರೆ. ಮೂರನೆಯ ಸಲ ಕರೆದರೆ ನಿಶ್ಚಿಂತೆಯಾಗಿ ಓ ಅನ್ನಬಹುದು.

ಬಾಯಿಸಾಹೇಬರ ಶಿಸ್ತು ನೋಡಿದರೆ, ಒಂದೇ ಸಲ ಕರೆಯಬೇಕು. ನಾನು ಒಮ್ಮೆ ವಾರ್ಡಿನ ಬಾಗಿಲಲ್ಲಿ ನಿಂತು ಒಬ್ಬಳನ್ನು ಮೂರು ಸಲ ಕರೆದಾಗ ಅವರು ಹಿಂದೆ ಬಂದು ನಿಂತರು. "ನೀನು ತರಕಾರಿ ಮಾರುತ್ತಿರುವೆಯೋ, ಗಿರಿಜಾ? ಒಂದು ಸಲ ಸ್ಪಷ್ಟವಾಗಿ ಕರೆ. ಸಾಕು." ನಾನು ಬಾಯಿ ತೆರೆದೆ. ಇಂಗ್ಲಿಷ್ ಕಲಿತವಳು, ಬಿಳಿ ಟೊಪ್ಪಿಗೆ ಹಾಕಿಕೊಂಡವಳು, ಇವರ ಮುಂದೆ ಅಜ್ಜಿಯ ಕತೆ ಹೇಳಲೇ? ನಾಚಿಕೆಯಾಯಿತು. "ಎಸ್ ಮೇಟ್ರನ್" ಎಂದೆ.

ಅಂದಿನಿಂದ ನಾವೆಲ್ಲ ಒಂದೇ ಸಲ ಕರೆಯತೊಡಗಿದೆವು. ರೋಗಿಗಳು ಉತ್ತರ ಕೊಡುತ್ತಿರಲಿಲ್ಲ. ಹನ್ನೆರಡು ಮಂಚ, ಹನ್ನೆರಡು ಹೆಂಗಸರು, ಹೆಸರು ಕೂಗಿದ ಕೂಡಲೇ ಎಲ್ಲರೂ ಉಸಿರು ಬಿಗಿಹಿಡಿದಂತೆ ವಾರ್ಡು ತೆಪ್ಪಗಾಗುತ್ತಿತ್ತು. ಹಾಡುಹಗಲು, ಕಿಟಕಿಯಿಂದ ಬಿಸಿಲು ಬಿದ್ದಿರುತ್ತಿತ್ತು, ಆದರೂ ನಾನು ಒಮ್ಮೆ ಬಾಗಿಲ ಕಡೆ ತಿರುಗಿ ನೋಡುತ್ತಿದ್ದೆ. ಆಮೇಲೆ ಕೆಲವು ದಿನಗಳಿಗೆ ಉತ್ತರ ಬರತೊಡಗಿತು. ಯಾರ ಹೆಸರು ಕರೆದರೂ ಒಂದು ಸಣ್ಣ "ಓ". ಅದು ಬರುತ್ತಿದ್ದದ್ದು ಮೂಲೆಯ ಮಂಚದಿಂದ, ಕಾಶವ್ವನ ಬಾಯಿಂದ.

ಕಾಶವ್ವ ಹತ್ತಿ ಬಿಡಿಸುವ ಜಿನ್ನಿನಲ್ಲಿ ದುಡಿದು ದಮ್ಮು ಹಚ್ಚಿಕೊಂಡಿದ್ದ ಹೆಂಗಸು. ಐವತ್ತು ದಾಟಿರಲಿಕ್ಕಿಲ್ಲ, ನೋಡಲು ಮುದುಕಿ. ಉಸಿರು ಎಳೆದರೆ ಎದೆಯೊಳಗೆ ಸಿಳ್ಳೆ ಹಾಕಿದಂತೆ ಕೇಳುತ್ತಿತ್ತು. ಹಿಂದೆಮುಂದೆ ಯಾರೂ ಇಲ್ಲ. ಒಂದು ದಿನ ತಲೆ ಬಾಚುತ್ತ ಕೇಳಿದೆ: "ಎಲ್ಲಾರ ಹೆಸರಿಗೂ ನೀ ಯಾಕ ಓ ಅಂತಿ, ಕಾಶವ್ವ?"

"ಪ್ಲೇಗಿನ ವರ್ಷ ಗುಡಿಸಲದಾಗ ಇದ್ವಿ, ಯವ್ವಾ. ಹೊರಗಿಂದ ಯಾರೋ ನನ್ನ ಮಗಳನ್ನ ಕರದ್ರು. ಒಂದ ಸಲ. ನನ್ನ ದನಿಯಾಗ ಕರದ್ರು. ನಾ ಒಳಗ ರೊಟ್ಟಿ ಬಡ್ಯಾಕತ್ತಿದ್ದೆ, ನನ್ನ ಬಾಯಿ ಮುಚ್ಚಿತ್ತು. ಹುಡುಗಿ 'ಓ, ಬಂದೆ' ಅಂತು. ಮರುದಿನ ಗಂಟು ಎದ್ದುವು." ಆಕೆ ಅಳಲಿಲ್ಲ. "ನಾ ಮೊದಲ ಓ ಅಂದಿದ್ರ ನನ್ನ ಒಯ್ಯತಿತ್ತು. ಈಗ ಇಲ್ಲಿ ಮುಂಜಾನಿಂದ ಬೈಗಿನಮಟ ಒಂದ ಸಲ ಕರೀತಾರ. ಯಾವುದು ಮನಿಷಾರದು, ಯಾವುದು ಅದರದು, ಯಾರಿಗೆ ಗೊತ್ತು? ಇವೆಲ್ಲಾ ಮಕ್ಕಳ ತಾಯಂದ್ರು. ಬಂದ್ರ ನನಗ ಬರ್ಲಿ."

ಇದನ್ನು ಕೇಳಿದ ಮೇಲಾದರೂ ನಾನು ಬಾಯಿಸಾಹೇಬರ ಹತ್ತಿರ ಹೋಗಬೇಕಿತ್ತು. ಹೆಸರು ಒಬ್ಬಳದು, ಉತ್ತರ ಇನ್ನೊಬ್ಬಳದು ಎಂದರೆ ದವಾಖಾನೆಯಲ್ಲಿ ಏನಾಗಬಹುದು ಎಂದು ತಿಳಿಯದಷ್ಟು ಹಸುಗೂಸಾಗಿರಲಿಲ್ಲ ನಾನು. ಹೋಗಲಿಲ್ಲ.

ಕಾಶವ್ವನ ಪಕ್ಕದ ಮಂಚದಲ್ಲಿ ಗರಗದ ನೀಲವ್ವ ಇದ್ದಳು. ಖಾದಿಯ ನೂಲು ತೆಗೆಯುವಾಕೆ, ಎರಡು ಮಕ್ಕಳ ತಾಯಿ. ಹೊಟ್ಟೆಯಲ್ಲಿ ದೊಡ್ಡ ಗಡ್ಡೆ, ಆಪರೇಶನ್ ಆಗಬೇಕಿತ್ತು. ಕ್ಲೋರೋಫಾರ್ಮಿಗೆ ಮೊದಲು ಮಾರ್ಫಿಯಾ ಸೂಜಿ ಕೊಡುವುದು ಆಗಿನ ಪದ್ಧತಿ. ಆ ಔಷಧ ನೋವನ್ನು ಮಲಗಿಸುತ್ತದೆ. ದಮ್ಮಿನವರಿಗೆ ಕೊಟ್ಟರೆ ಉಸಿರನ್ನೂ ಮಲಗಿಸುತ್ತದೆ.

ಆ ಮುಂಜಾನೆ ಡಾಕ್ಟರರ ಸುತ್ತು ಮುಗಿಯುತ್ತಿತ್ತು. ಗಂಡಸರಾದ ಡಾಕ್ಟರರು ವಾರ್ಡಿನಲ್ಲಿದ್ದಾರೆಂದು ಹೆಂಗಸರೆಲ್ಲ ಮುಖ ಮುಚ್ಚುವಷ್ಟು ಸೆರಗು ಎಳೆದುಕೊಂಡಿದ್ದರು. ನೀಲವ್ವನ ಮಂಚದ ಸುತ್ತ ಪರದೆ ನಿಲ್ಲಿಸಿದ್ದರು, ಅದರ ಮರೆಯಲ್ಲಿ ಕಾಶವ್ವನ ಮಂಚವೂ ಅರ್ಧ ಒಳಗಾಗಿತ್ತು. ಮರಿಯಮ್ಮ ತಟ್ಟೆಯಲ್ಲಿ ಸೂಜಿ ಹಿಡಿದು ಪರದೆಯ ಹೊರಗೆ ನಿಂತು ಚೀಟಿ ನೋಡಿ ಕರೆದಳು: "ನೀಲವ್ವಾ." ಒಂದೇ ಸಲ.

"ಓ."

ನಾನು ವಾರ್ಡಿನ ಇನ್ನೊಂದು ತುದಿಯಲ್ಲಿ ಬಾಯಿಸಾಹೇಬರ ಮಗ್ಗುಲಲ್ಲಿ ನಿಂತಿದ್ದೆ. ಆ ಓ ಯಾರದೆಂದು ನನಗೆ ಗೊತ್ತಾಯಿತು. ಕೂಗಬೇಕೆಂದುಕೊಂಡೆ. ಡಾಕ್ಟರರು ಇಂಗ್ಲಿಷಿನಲ್ಲಿ ಏನೋ ಹೇಳುತ್ತಿದ್ದರು, ಬಾಯಿಸಾಹೇಬರು ಬರೆದುಕೊಳ್ಳುತ್ತಿದ್ದರು. ದೊಡ್ಡವರ ಮಾತಿನ ನಡುವೆ ಬಾಯಿ ಹಾಕುವುದು ಹೇಗೆ? ಮರಿಯಮ್ಮ ಮುಖ ನೋಡಿಯೇ ನೋಡುತ್ತಾಳೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮುಖದ ಮೇಲೆ ಸೆರಗಿತ್ತು. ಸೆರಗಿನ ಕೆಳಗಿಂದ ಒಂದು ತೋಳು ತಾನಾಗಿಯೇ ಹೊರಗೆ ಬಂತಂತೆ. ಮರಿಯಮ್ಮ ಸೂಜಿ ಚುಚ್ಚಿದಳು.

ಸ್ವಲ್ಪ ಹೊತ್ತಿನ ಮೇಲೆ ಪರದೆಯ ಆಚೆಯಿಂದ ಬೇರೆ ದನಿ ಕೇಳಿತು: "ಬಾಯಾರ, ನನಗ ಸೂಜಿ ಯಾವಾಗ ಮಾಡ್ತೀರಿ?" ನೀಲವ್ವ ಎದ್ದು ಕೂತಿದ್ದಳು.

ನಾನು ಓಡಿದೆ. ಕಾಶವ್ವನ ಸೆರಗು ತೆಗೆದರೆ ಮುಖದಲ್ಲಿ ರಕ್ತವಿರಲಿಲ್ಲ, ಕಣ್ಣಿನ ಗೊಂಬೆ ಸಾಸಿವೆಯಷ್ಟಾಗಿತ್ತು. ಎದೆಯ ಸಿಳ್ಳೆ ನಿಂತಿತ್ತು. ಅಷ್ಟು ದಿನ ಕೇಳಿ ಬೇಸತ್ತಿದ್ದ ಆ ಸಿಳ್ಳೆ ಇಲ್ಲದ ವಾರ್ಡು ನನಗೆ ಸಹಿಸಲಾಗಲಿಲ್ಲ.

ಡಾಕ್ಟರರು ಬೇರೆ ಸೂಜಿ ಕೊಟ್ಟರು, ಕೃತಕ ಉಸಿರಾಟಕ್ಕೆ ತೋಳು ಎತ್ತಿ ಇಳಿಸಿದರು. ಮಾರ್ಫಿಯಾ ಹೆಚ್ಚಾದವರನ್ನು ಮಲಗಗೊಡಬಾರದು, ಕರೆದು ಕರೆದು ಎಚ್ಚರ ಇಡಬೇಕು. "ಏ ಬಾಯೀ, ಡೋಳೆ ಉಘಡ್!" ಕಣ್ಣು ತೆರೆ ಎಂದು ಡಾಕ್ಟರರು ಮರಾಠಿಯಲ್ಲಿ ಗದರಿದರು. "ಅಮ್ಮೇ" ಎಂದು ಮರಿಯಮ್ಮ ಅತ್ತಳು. ಬಾಯಿಸಾಹೇಬರು ತಮ್ಮ ಶಿಸ್ತಿನಲ್ಲಿ "ಕಾಶವ್ವಾ" ಎಂದರು. ನಾನೂ ಕರೆದೆ. ಒಬ್ಬೊಬ್ಬರೂ ಒಂದೊಂದು ಭಾಷೆಯಲ್ಲಿ, ಒಂದೊಂದು ದನಿಯಲ್ಲಿ, ಒಂದೊಂದು ಸಲ. ಉಸಿರಿಗೂ ಉಸಿರಿಗೂ ನಡುವೆ ಬಹಳ ಹೊತ್ತಾಗತೊಡಗಿತು.

ಆಗ ಸುತ್ತಲಿನ ಮಂಚಗಳನ್ನು ನೋಡಿದೆ. ಹೆಂಗಸರೆಲ್ಲ ಸೆರಗು ಸರಿಸಿ ಕೂತಿದ್ದರು. ಯಾರೂ ಕಾಶವ್ವನ ಕಡೆ ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಖಾಲಿ ಬಾಗಿಲ ಕಡೆಗಿತ್ತು.

"ಮೇಟ್ರನ್," ಎಂದೆ. "ಹೀಗೆ ಕರೆದರೆ ಆಕೆ ಬರುವುದಿಲ್ಲ. ಒಂದೇ ದನಿ ಮೂರು ಸಲ ಕರೆಯಬೇಕು. ಒಂದೇ ಸಲ ಕರೆಯುವುದು ಸಾವಿನ ಕರೆ ಎಂದು ಇವರ ನಂಬಿಕೆ. ನೀಲವ್ವನಿಗೆ ಬಂದ ಆ ಕರೆಯನ್ನು ಈಕೆ ತಾನು ತೆಗೆದುಕೊಂಡಿದ್ದಾಳೆ. ಇಲ್ಲಿ ಒಂದೇ ಸಲ ಕರೆಯುವ ರೂಢಿ ನಿಮ್ಮದು. ಅದಕ್ಕೇ ನೀವೇ ಕರೆಯಬೇಕು."

ಡಾಕ್ಟರರು "ಕಾಯ್ ವೇಡೇಪಣಾ ಆಹೇ!" ಇದೇನು ಹುಚ್ಚುತನ ಎಂದು ಸಿಡುಕಿದರು. ಬಾಯಿಸಾಹೇಬರು ನನ್ನನ್ನೇ ನೋಡಿದರು. "ಇದು ನಿನಗೆ ಮೊದಲೇ ಗೊತ್ತಿತ್ತೋ?"

"ಗೊತ್ತಿತ್ತು."

"ಯಾಕೆ ಹೇಳಲಿಲ್ಲ?"

ಕೇಳುತ್ತಿದ್ದಂತೆ ಅವರಿಗೇ ಆ ತರಕಾರಿಯ ಮಾತು ನೆನಪಾಗಿರಬೇಕು. ಮುಖ ಕೆಂಪಾಯಿತು. ಇಸ್ತ್ರಿ ಮಾಡಿದ ಬಿಳಿಯ ಉಡುಪಿನಲ್ಲೇ ಫರಸಿ ಕಲ್ಲಿನ ನೆಲದ ಮೇಲೆ ಮೊಣಕಾಲೂರಿ, ಕಾಶವ್ವನ ಕಿವಿಯ ಹತ್ತಿರ ಬಾಯಿ ಇಟ್ಟರು.

"ಕಾಶವ್ವಾ."

ಬಾಗಿಲ ಕಡೆಯಿಂದ ತಣ್ಣನೆಯ ಗಾಳಿ ಬಂದಂತಾಯಿತು. ಹೊರಗೆ ಬೇಸಿಗೆ. ಪರದೆ ಅಲುಗಲಿಲ್ಲ.

"ಕಾಶವ್ವಾ."

ನೀಲವ್ವ ತನ್ನ ಮಂಚದಿಂದ ಇಳಿದು ಬಂದು ಕಾಶವ್ವನ ಪಾದ ಹಿಡಿದುಕೊಂಡಳು. ಮರಿಯಮ್ಮ ಶಿಲುಬೆಯ ಗುರುತು ಮಾಡಿಕೊಂಡಳು. ಡಾಕ್ಟರರು ತೋಳು ಎತ್ತಿ ಇಳಿಸುವುದನ್ನು ನಿಲ್ಲಿಸಿರಲಿಲ್ಲ, ಆದರೆ ಅವರೂ ಬೈಯುವುದನ್ನು ಬಿಟ್ಟಿದ್ದರು.

"ಕಾಶವ್ವಾ!"

"ಓ."

ಆ ಓ ಎಷ್ಟು ದೂರದಿಂದ ಬಂತೆಂದರೆ, ಅದು ಆ ಬಾಯಿಂದಲೇ ಬಂತೆಂದು ನಾನು ಇವತ್ತಿಗೂ ಆಣೆ ಮಾಡಿ ಹೇಳಲಾರೆ. ಆದರೆ ಎದೆಯ ಸಿಳ್ಳೆ ಮತ್ತೆ ಶುರುವಾಯಿತು. ಡಾಕ್ಟರರು ಸೂಜಿಯ ಗುಣ ಎಂದರು. ಇರಬಹುದು.

ಸಂಜೆಯ ಹೊತ್ತಿಗೆ ಕಾಶವ್ವ ಕಣ್ಣು ಬಿಟ್ಟು ನನ್ನ ಮೇಲೆ ಸಿಟ್ಟಾದಳು. "ಯಾಕ ತಿರುಗಿ ಕರಸಿದಿ? ಅದು ನನ್ನ ಕೈ ಹಿಡಕೊಂಡಿತ್ತು. ಛಲೋ ಹೊಂಟಿದ್ದೆ. ಈಗ ಬರಿಗೈಲೆ ಹೋಗತೈತೇನು ಅದು?"

"ಈಗ ಎಲ್ಲಿ ಐತಿ?" ಎಂದು ಕೇಳಿದೆ. ಕೇಳಬಾರದಿತ್ತು.

"ಅಲ್ಲೇ ಬಾಗಲದಾಗ ನಿಂತೈತಿ."

ಮರುದಿನ ನೀಲವ್ವ ಆಪರೇಶನ್ ಒಲ್ಲೆನೆಂದು ಹಟ ಹಿಡಿದಳು. ತಪ್ಪು ನಮ್ಮದು, ಆಕೆಯನ್ನು ಏನೆಂದು ಬೈಯುವುದು? ಗಡ್ಡೆ ಬಿಟ್ಟರೆ ಜೀವ ಹೋಗುವುದು ಖಾತ್ರಿ. ಬಾಯಿಸಾಹೇಬರು ನಮ್ಮ ಮೂವರನ್ನೂ ಕೂಡಿಸಿಕೊಂಡರು. ಮೊದಲು ಮರಿಯಮ್ಮನಿಗೆ, ತಪ್ಪು ನಿನ್ನೊಬ್ಬಳದಲ್ಲ ಎಂದರು. ಆಮೇಲೆ ನನಗೆ ಹೇಳಿದ್ದನ್ನು ನಾನು ಮರೆತಿಲ್ಲ: "ನನಗೆ ತಿಳಿಯದ್ದು ನಿನಗೆ ತಿಳಿದಿದ್ದರೆ ನೀನು ನನ್ನ ಮಾತನ್ನು ಕಡಿದು ಹೇಳಬೇಕು. ನಾನು ಬೈದರೂ ಹೇಳಬೇಕು." ಅಂದೇ ಹೊಸ ಪದ್ಧತಿ ಬಂತು. ಒಬ್ಬರೇ ಮೂರು ಸಲ ಕರೆಯಬೇಕು. ರೋಗಿ ಸೆರಗು ಸರಿಸಿ ತನ್ನ ಹೆಸರು, ಊರು, ಬಂದ ಕಾರಣ ತನ್ನ ಬಾಯಿಂದ ಹೇಳಬೇಕು. ನರ್ಸು ಅದನ್ನು ತಿರುಗಿ ಹೇಳಬೇಕು, ಸೂಜಿ ಹಿಡಿಯುವ ಮೊದಲು ಡಾಕ್ಟರರೂ ಹೇಳಬೇಕು.

"ಇದೇನು ಆಪರೇಶನ್ನೋ ಲಗ್ನದ ಶಾಸ್ತ್ರವೋ?" ಎಂದು ಡಾಕ್ಟರರು ನಕ್ಕರು. ಆದರೂ ನೀಲವ್ವನನ್ನು ಮೂರನೆಯ ಸಲ ಕರೆದು, ಆಕೆ "ಓ, ನಾ ಗರಗದ ನೀಲವ್ವ, ಹೊಟ್ಟ್ಯಾಗ ಗಡ್ಡಿ ಐತಿ, ತೆಗಸಾಕ ಬಂದೇನಿ" ಎಂದಾಗ, ಅವರೇ ಮೊದಲು "ಗರಗದ ನೀಲವ್ವ" ಎಂದು ತಿರುಗಿ ಹೇಳಿದರು. ಆಕೆ ಬದುಕಿದಳು. ಹೋಗುವಾಗ "ಬರ್ತೇನ್ರಿ" ಎಂದಳು, ಮುಂದಿನ ವರ್ಷ ತಾನು ನೂತ ನೂಲಿನದೊಂದು ಪಂಜೆ ತಂದು ಕಾಶವ್ವನಿಗೆ ಹೊದಿಸಿದಳು.

ಕಾಶವ್ವ ದವಾಖಾನೆಯಲ್ಲೇ ಉಳಿದಳು. ಎಲ್ಲಿಗೆ ಹೋಗಬೇಕು ಪಾಪ? ಎರಡು ಹೊತ್ತು ಊಟ, ಮೂಲೆಯ ಮಂಚ, ರೋಗಿಗಳನ್ನು ಕರೆಯುವ ಕೆಲಸ ಆಕೆಯದು. ದಮ್ಮು ಕಟ್ಟಿದರೂ ನಿಂತು ನಿಂತು ಮೂರು ಸಲ ಕರೆಯುತ್ತಿದ್ದಳು. ಮರಿಯಮ್ಮ ಆಕೆಯ ಹತ್ತಿರವೇ ಕನ್ನಡ ಕಲಿತು, ಕೊನೆಗೆ ನನಗಿಂತ ಚೆನ್ನಾಗಿ ಬೈಯತೊಡಗಿದಳು. ಬಾಗಿಲಲ್ಲಿ ಮಾತ್ರ ಎಲ್ಲರೂ ಎಡಕ್ಕೆ ಸರಿದು ಓಡಾಡುತ್ತಿದ್ದೆವು, ಬಲಗಡೆ ಯಾರೋ ನಿಂತಿರುವಂತೆ. ಬಾಯಿಸಾಹೇಬರೂ ಸರಿಯುತ್ತಿದ್ದರು. ತಾವು ಹಾಗೆ ಮಾಡುತ್ತಿದ್ದೇವೆಂದು ಅವರಿಗೆ ಗೊತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ.

ಯುದ್ಧ ಶುರುವಾಗಿ ಕೆಲವು ವರ್ಷವಾಗಿತ್ತು. ಔಷಧವಿಲ್ಲ, ಮಂದಿ ಸಾಲದು. ನನಗೆ ಮೂರು ದಿನದಿಂದ ಜ್ವರ. ನಾನು ಮಲಗಿದರೆ ವಾರ್ಡು ನೋಡುವವರಾರು ಎಂದು ಯಾರಿಗೂ ಹೇಳಿರಲಿಲ್ಲ. ಬುದ್ಧಿ ಬಂತು ಎಂದುಕೊಂಡವಳು ಮತ್ತೆ ಬಾಯಿ ಮುಚ್ಚಿಕೊಂಡಿದ್ದೆ. ಮುಂಜಾನೆ ಮೇಜಿನ ಮುಂದೆ ನಿಂತು ಗಾಯಕ್ಕೆ ಕಟ್ಟುವ ಪಟ್ಟಿಗಳನ್ನು ಸುತ್ತುತ್ತಿದ್ದೆ. ಬಿಸಿಲು ಬಿದ್ದಿತ್ತು. ಯಾರೂ ಮಾತಾಡುತ್ತಿರಲಿಲ್ಲ, ಯಾರೂ ಯಾರನ್ನೂ ಕರೆದಿರಲಿಲ್ಲ.

"ಓ, ಬಂದೆ" ಎಂದಳು ಕಾಶವ್ವ.

ತಿರುಗಿ ನೋಡಿದೆ. ಮಂಚದ ಮೇಲೆ ಕಾಲು ಇಳಿಬಿಟ್ಟು, ಬಾಗಿಲ ಬಲಗಡೆ ನೋಡುತ್ತ ಕೂತಿದ್ದಳು. ನೀಲವ್ವ ಕೊಟ್ಟ ಪಂಜೆ ಹೊದ್ದುಕೊಂಡಿದ್ದಳು.

"ಯಾರೂ ಕರದಿಲ್ಲಲ್ಲಾ ಕಾಶವ್ವ?"

"ಕರೀತು. ಒಂದ ಸಲ."

ನಾನು ಪಟ್ಟಿ ಮೇಜಿನ ಮೇಲಿಟ್ಟು ಆಕೆಯ ಹತ್ತಿರ ಹೋದೆ. "ಯಾರನ್ನ ಕರೀತು?"

ಆಕೆ ನನ್ನ ಮುಖ ನೋಡಿದಳು. ಎಷ್ಟು ಅಕ್ಕರೆಯಿಂದ ನೋಡಿದಳೆಂದರೆ, ನನ್ನ ತಾಯಿ ಕೂಡ ಹಾಗೆ ನೋಡಿದ್ದು ನೆನಪಿಲ್ಲ. "'ಗಿರಿಜಾ' ಅಂತು, ಯವ್ವಾ. ನಿಮ್ಮಪ್ಪನ ದನಿ ಇರಬೇಕು, ಮಾಸ್ತರರ ಹಂಗ ಇತ್ತು. ನೀ ಓ ಅನ್ನೋ ಮೊದಲ ನಾ ಅಂದೆ."

ಅಪ್ಪ ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು. ಕಾಶವ್ವ ಅವರನ್ನು ನೋಡಿದವಳಲ್ಲ, ಅವರ ದನಿ ಕೇಳಿದವಳಲ್ಲ. ನಾನು ಮೂರು ಸಲ ಕರೆದೆ. ಬಾಯಿಸಾಹೇಬರು ಬಂದು ಮೂರು ಸಲ ಕರೆದರು. ಮರಿಯಮ್ಮ ಲೆಕ್ಕವಿಲ್ಲದಷ್ಟು ಸಲ ಕರೆದಳು. ಮಧ್ಯಾಹ್ನಕ್ಕೆ ಮೊದಲೇ ಸಿಳ್ಳೆ ನಿಂತಿತು.

ಅಂದೇ ಸಂಜೆ ನಾನು ಕುಸಿದು ಬಿದ್ದೆ. ಟೈಫಾಯ್ಡ್. ಬೇರೆ ಮಂಚ ಖಾಲಿಯಿರಲಿಲ್ಲ, ಕಾಶವ್ವನ ಮಂಚದಲ್ಲೇ ನನ್ನನ್ನು ಮಲಗಿಸಿದರು. ಆಗ ಅದಕ್ಕೆ ಔಷಧವಿರಲಿಲ್ಲ, ಬಹಳ ಮಂದಿ ಹೋಗುತ್ತಿದ್ದರು. ತಲೆಗೂದಲೆಲ್ಲ ಉದುರಿತು. ನಾನು ಹೋಗಲಿಲ್ಲ. ಎದ್ದು ನಡೆದಾಡಿದ ಮೊದಲ ದಿನ ಆ ಬಾಗಿಲಲ್ಲಿ ನಡುವೆಯೇ ನಡೆದು ಹೋದೆ, ಬಲಗಡೆ ಏನೂ ಇರಲಿಲ್ಲ.

ಹುಡುಗಿಯರೇ, ಈಗ ನಿಮ್ಮಲ್ಲಿ ಚೀಟಿ, ನಂಬರು, ಎಲ್ಲ ಬಂದಿವೆ. ಇರಲಿ. ಆದರೂ ಕರೆಯಿರಿ, ಮೂರು ಸಲ ಕರೆಯಿರಿ, ಆಕೆ ತನ್ನ ಬಾಯಿಂದ ತನ್ನ ಹೆಸರು ಹೇಳುವವರೆಗೆ ಸೂಜಿ ಎತ್ತಬೇಡಿ. ನಿಮಗೆ ತಿಳಿದದ್ದು ದೊಡ್ಡವರಿಗೆ ತಿಳಿಯದಿದ್ದರೆ ಅವರ ಮಾತು ಕಡಿದು ಹೇಳಿ. ನಾನು ಹೇಳಲಿಲ್ಲ, ಒಬ್ಬ ಹೆಂಗಸು ಅದರ ಫಲವನ್ನು ತನ್ನ ತೋಳು ಚಾಚಿ ತೆಗೆದುಕೊಂಡಳು. ನನ್ನನ್ನು ಒಂದೇ ಸಲ ಕರೆಯುವವರಿಗೆ ನಾನು ಓ ಎನ್ನದೇ ಇರುವುದು ಹೆದರಿ ಅಲ್ಲ. ನನ್ನ ಪಾಲಿನ ಆ ಕರೆಗೆ ಕಾಶವ್ವ ಓ ಅಂದು ಆಗಿದೆ.